ಆನೆ ಕಾಯುವ ಎಐ ಕ್ಯಾಮೆರಾ ಡಬ್ಬಿಗಳು: ಇವುಗಳ ಕರೆಂಟು, ಹೊಗೆ ಕಡಿಮೆ ಮಾಡುವುದು ಹೇಗೆ?

ತೋಟದಮನೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ನಮ್ಮ ಕಡೆ ಆನೆ ಓಡಾಟ ಎಷ್ಟು ಅಂತ ನಿಮಗೆಲ್ಲ ಗೊತ್ತೇ ಇದೆ. ಬೆಳಿಗ್ಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಕಾಡಿನ ಅಂಚಿನ ದಾರಿಯಲ್ಲೇ ನಡೆದು ಬರಬೇಕು. ಅದಕ್ಕೇ ಅಕ್ಕಪಕ್ಕದ ಏಳು ತೋಟದವರು ದುಡ್ಡು ಹಾಕಿ 14 ಕಡೆ ಕ್ಯಾಮೆರಾ ಡಬ್ಬಿ ಇಟ್ಟೆವು. ಡಬ್ಬಿಯೊಳಗೆ ಜೆಟ್ಸನ್ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇದೆ. ಅದು ಅಲ್ಲೇ ಚಿತ್ರ ನೋಡಿ ಆನೆ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುತ್ತದೆ. ಹೌದಾದರೆ ನಮ್ಮೆಲ್ಲರ ಮೊಬೈಲಿಗೆ ಮೆಸೇಜು, ಜೊತೆಗೆ ಅರ್ಧ ನಿಮಿಷದ ವಿಡಿಯೋ ಬರುತ್ತದೆ.

ಉಪಯೋಗ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಎರಡು ಸಲ ಕೂಲಿಯವರನ್ನು ದಾರಿಯಲ್ಲೇ ತಡೆದು ನಿಲ್ಲಿಸಿದ್ದೇವೆ.

ನನ್ನ ಚಿಂತೆ ಬೇರೆ. ಇದನ್ನು ಹಾಕಿಕೊಟ್ಟವರು "ಇದು ಎಡ್ಜ್ ಎಐ, ಲೆಕ್ಕವೆಲ್ಲ ಡಬ್ಬಿಯೊಳಗೇ, ದೂರದ ಡೇಟಾ ಸೆಂಟರ್ ಅಂದರೆ ಕ್ಲೌಡ್‌ಗೆ ಹೋಗುವುದಿಲ್ಲ, ಅದಕ್ಕೇ ಪರಿಸರಕ್ಕೆ ಒಳ್ಳೆಯದು" ಎಂದಿದ್ದರು. ನಾನೂ ನಂಬಿದ್ದೆ. ಹೋದ ವಾರ ಒಂದು ಪ್ಲಗ್ ಮೀಟರ್ ತಂದು ಅಳೆದೆ. ಒಂದು ಡಬ್ಬಿಗೆ 10 ವ್ಯಾಟ್. ಹಗಲಾಗಲಿ, ರಾತ್ರಿಯಾಗಲಿ, ಆನೆ ಇರಲಿ, ಇಲ್ಲದಿರಲಿ, 10 ವ್ಯಾಟ್. 14 ಡಬ್ಬಿಗೆ 140 ವ್ಯಾಟ್. ದಿನಕ್ಕೆ 3.36 ಯೂನಿಟ್, ವರ್ಷಕ್ಕೆ ಸುಮಾರು 1,226 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ನಮ್ಮ ದೇಶದ ಗ್ರಿಡ್‌ನ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ವರ್ಷಕ್ಕೆ 850 ಕಿಲೋ ದಾಟುತ್ತದೆ. ಆನೆ ಬರುವುದು ತಿಂಗಳಿಗೆ ನಾಲ್ಕೈದು ಸಲ!

ಕಾಫಿ ಹೂ ಬಿಡಿಸುವ ಹೂಮಳೆ ಹಿಂದೆ ಮುಂದೆ ಆಗುತ್ತಿರುವುದನ್ನು ಕಣ್ಣಾರೆ ನೋಡುತ್ತಿರುವವರು ನಾವು. ಕಾಡಿನ ಅಂಚಿನಲ್ಲಿ ಕೂತು, ಕಾಡಿನ ಹೆಸರಲ್ಲಿ, ಸುಮ್ನೆ ಇಷ್ಟು ಕಲ್ಲಿದ್ದಲು ಸುಡುವುದು ಸರಿ ಅನ್ನಿಸುತ್ತಿಲ್ಲ. ಎಚ್ಚರಿಕೆ ತಪ್ಪಬಾರದು, ಹೊಗೆ ಕಡಿಮೆ ಆಗಬೇಕು. ದಾರಿ ಹೇಳಿ.

ಬೆಸುಗೆಕಡ್ಡಿ · ಭಾನುವಾರ ರಾತ್ರಿ

ಅಣ್ಣ, ಮೊದಲು ಅಳೆದಿದ್ದಕ್ಕೆ ಧನ್ಯವಾದ. ಹೆಚ್ಚಿನವರು ಅಳೆಯುವುದೇ ಇಲ್ಲ.

ನಾನು ಬೆಂಗಳೂರಿನಲ್ಲಿ ಮೈಕ್ರೋಕಂಟ್ರೋಲರ್ ಕೆಲಸ ಮಾಡುತ್ತೇನೆ. ನಿಮ್ಮ ಡಬ್ಬಿಯ ತೊಂದರೆ ಎಐ ಅಲ್ಲ. ಡಬ್ಬಿ ನಿದ್ದೆ ಮಾಡುವುದಿಲ್ಲ, ಅದೇ ತೊಂದರೆ. ಸೆಕೆಂಡಿಗೆ 15 ಚಿತ್ರ ಅಂತ ಇಟ್ಟುಕೊಂಡರೆ ದಿನಕ್ಕೆ ಹದಿಮೂರು ಲಕ್ಷ ಚಿತ್ರ. ಅಷ್ಟರಲ್ಲೂ ಇರುವುದು ಅದೇ ಮರ, ಅದೇ ಬೇಲಿ.

ನಮ್ಮ ಮನೆ ನಾಯಿ ಹೇಗೆ ಕಾಯುತ್ತದೆ ನೋಡಿ. ಮಲಗಿರುತ್ತದೆ, ಕಿವಿ ಮಾತ್ರ ಎಚ್ಚರ. ಸದ್ದಾದರೆ ತಲೆ ಎತ್ತುತ್ತದೆ. ಅನುಮಾನ ಬಂದರೆ ಎದ್ದು ಹೋಗುತ್ತದೆ. ಡಬ್ಬಿಯನ್ನೂ ಹಾಗೇ ಮೂರು ಮೆಟ್ಟಿಲಲ್ಲಿ ಕಟ್ಟಬಹುದು. ಮೊದಲನೆಯದು ಪಿಐಆರ್ ಸೆನ್ಸರ್. ಬಿಸಿ ಮೈಯದ್ದು ಏನಾದರೂ ಅಲುಗಾಡಿದರೆ ಅದಕ್ಕೆ ತಿಳಿಯುತ್ತದೆ, ಅದರ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಎಬ್ಬಿಸಿದರೆ ಚಿಕ್ಕದೊಂದು ಇಎಸ್‌ಪಿ32 ಕ್ಯಾಮೆರಾ ಬೋರ್ಡ್ ಏಳಬೇಕು, ನಾಲ್ಕೈದು ಚಿತ್ರ ತೆಗೆಯಬೇಕು, ಒಂದು ಪುಟಾಣಿ ಮಾಡೆಲ್ (ಚಿತ್ರ ಗುರುತಿಸಲು ಕಲಿತ ಎಐ ಪ್ರೋಗ್ರಾಂ) ಓಡಿಸಿ "ಪ್ರಾಣಿಯಾ, ಎಲೆಯಾ" ಅಂತ ಮಾತ್ರ ನೋಡಬೇಕು. ಪ್ರಾಣಿ ಅನ್ನಿಸಿದರೆ ಆಗ ಮಾತ್ರ ನಿಮ್ಮ ದೊಡ್ಡ ಬೋರ್ಡಿಗೆ ಕರೆಂಟು ಕೊಡಬೇಕು. ಅದು ಶುರುವಾಗಲು ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಆನೆ ದಾಟಿ ಹೋಗಿರಬಹುದು. ಪರವಾಗಿಲ್ಲ, ಚಿತ್ರ ಆಗಲೇ ಚಿಕ್ಕ ಬೋರ್ಡಿನಲ್ಲಿ ಉಳಿದಿರುತ್ತದೆ.

ಲೆಕ್ಕ ನೋಡಿ. ಚಿಕ್ಕ ಬೋರ್ಡ್ ರಾತ್ರಿಗೆ 60 ಸಲ ಎದ್ದು, ಪ್ರತಿ ಸಲ 3 ಸೆಕೆಂಡು 1 ವ್ಯಾಟ್ ತಿಂದರೆ 0.05 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). ದೊಡ್ಡದು ದಿನಕ್ಕೆ 12 ಸಲ ಒಂದೂವರೆ ನಿಮಿಷ ಓಡಿದರೆ 3 ವ್ಯಾಟ್-ಅವರ್. ಈಗ ನೀವು ಸುಡುತ್ತಿರುವುದು ಒಂದು ಡಬ್ಬಿಗೆ ದಿನಕ್ಕೆ 240.

ಒಂದು ಎಚ್ಚರಿಕೆ. ಇಎಸ್‌ಪಿ32 ಚಿಪ್ ಗಾಢ ನಿದ್ದೆಯಲ್ಲಿ ಸುಮಾರು 10 ಮೈಕ್ರೋಆಂಪ್ ಮಾತ್ರ ತೆಗೆದುಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದು ಬರೀ ಚಿಪ್ಪಿನ ಲೆಕ್ಕ. ಅಂಗಡಿಯಲ್ಲಿ ಸಿಗುವ ಅಗ್ಗದ ಬೋರ್ಡಿನಲ್ಲಿ ಎಎಂಎಸ್1117 ಅನ್ನುವ, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಇರುತ್ತದೆ. ಅದೊಂದೇ ಸುಮ್ಮನೆ ಕೂತು 5 ಮಿಲಿಆಂಪ್ ತಿನ್ನುತ್ತದೆ. ದಿನಕ್ಕೆ 0.6 ವ್ಯಾಟ್-ಅವರ್. ಅಂದರೆ ಚಿಕ್ಕ ಮಾಡೆಲ್ ಇಡೀ ರಾತ್ರಿ ಯೋಚನೆ ಮಾಡಿ ಖರ್ಚು ಮಾಡಿದ್ದರ ಹನ್ನೆರಡು ಪಟ್ಟು! ಆ ರೆಗ್ಯುಲೇಟರ್ ತೆಗೆದು ಒಳ್ಳೆಯದನ್ನು ಹಾಕಿ. ಕೆಂಪಗೆ ಉರಿಯುವ ಎಲ್‌ಇಡಿಯನ್ನೂ ಕಿತ್ತುಬಿಡಿ.

ಉತ್ತರದಚಳಿ · ಸೋಮವಾರ ಬೆಳಿಗ್ಗೆ

ನಾನು ಹದಿನೈದು ವರ್ಷದಿಂದ ಸ್ವೀಡನ್‌ನಲ್ಲಿದ್ದೇನೆ, ಊರು ತೀರ್ಥಹಳ್ಳಿ ಕಡೆ. ಡೇಟಾ ಸೆಂಟರ್ ಕೆಲಸ. ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. "ಎಡ್ಜ್ ಅಂದರೆ ಹಸಿರು" ಅನ್ನುವುದು ಅರ್ಧ ಸತ್ಯ ಮಾತ್ರ.

2025ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಎಐ ಜೆಮಿನಿಯ ಲೆಕ್ಕ ಹೊರಗಿಟ್ಟಿತು. ಸಾಧಾರಣ ಒಂದು ಬರಹದ ಪ್ರಶ್ನೆಗೆ 0.24 ವ್ಯಾಟ್-ಅವರ್. ಈಗ ನಿಮ್ಮ ಡಬ್ಬಿ ನೋಡಿ. ಏನೂ ಕಾಣದೆ ಒಂದು ದಿನ ಸುಮ್ಮನೆ ಓಡಿದರೆ 240. ಅಂದರೆ ಒಂದು ಡಬ್ಬಿಯ ಒಂದು ದಿನ ಅಂಥ ಸಾವಿರ ಪ್ರಶ್ನೆಗೆ ಸಮ. ದೊಡ್ಡ ಡೇಟಾ ಸೆಂಟರ್‌ನಲ್ಲಿ ಒಂದೇ ಯಂತ್ರವನ್ನು ಸಾವಿರಾರು ಜನ ಹಂಚಿಕೊಳ್ಳುತ್ತಾರೆ. ಅದು ಖಾಲಿ ಕೂರುವುದು ಕಡಿಮೆ. ತಂಪು ಮಾಡುವ ಖರ್ಚೂ ಅಲ್ಲಿ ಕಡಿಮೆ: ಕಂಪ್ಯೂಟರಿಗೆ 1 ಯೂನಿಟ್ ಹೋದರೆ ಗೂಗಲ್‌ನಂಥವರಿಗೆ ಒಟ್ಟು ಸುಮಾರು 1.1 ಯೂನಿಟ್ ಸಾಕು. ಸಾಮಾನ್ಯ ಡೇಟಾ ಸೆಂಟರ್‌ಗಳಲ್ಲಿ ಒಂದೂವರೆ ದಾಟುತ್ತದೆ.

ಹಾಗಂತ ಗೂಗಲ್ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅದರಲ್ಲಿ ಮಾಡೆಲ್ ತಯಾರು ಮಾಡಿದ ಖರ್ಚು ಇಲ್ಲ. ಒಂದು ಪ್ರಶ್ನೆಗೆ 0.03 ಗ್ರಾಂ ಹೊಗೆ ಅನ್ನುವಾಗ ಅವರು ಕೊಂಡುಕೊಂಡ ಹಸಿರು ಕರೆಂಟಿನ ಒಪ್ಪಂದಗಳನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಆದರೂ ಪಾಠ ಇದೆ. ಖಾಲಿ ಓಡುವ ಯಂತ್ರ ಎಲ್ಲಿದ್ದರೂ ನಷ್ಟವೇ.

ಬೆಸುಗೆಕಡ್ಡಿ · ಸೋಮವಾರ ಬೆಳಿಗ್ಗೆ

ಒಪ್ಪುತ್ತೇನೆ. ಆದರೆ ಸಕಲೇಶಪುರದ ಕಾಡಂಚಿನಲ್ಲಿ ಕ್ಲೌಡ್ ಅಂದರೆ 4ಜಿ ಮೋಡೆಮ್ ಹಗಲು ರಾತ್ರಿ ವಿಡಿಯೋ ಕಳಿಸಬೇಕು. ಸಿಗ್ನಲ್ ಕಮ್ಮಿ ಇದ್ದಷ್ಟೂ ಮೋಡೆಮ್ ಜಾಸ್ತಿ ಕರೆಂಟು ತಿನ್ನುತ್ತದೆ. ಮಳೆಗಾಲದಲ್ಲಿ ಟವರ್ ಹೋದರೆ ಕಾವಲೇ ಇಲ್ಲ. ಇನ್ನೊಂದು, ಆ ದಾರಿಯಲ್ಲಿ ನಡೆಯುವ ಹೆಣ್ಣುಮಕ್ಕಳ ಚಿತ್ರ ದಿನಪೂರ್ತಿ ಎಲ್ಲಿಗೋ ಹೋಗುವುದು ನನಗೆ ಇಷ್ಟವಿಲ್ಲ. ಇಲ್ಲಿ ಎಡ್ಜ್ ಸರಿಯಾದ ಆಯ್ಕೆ. ಅದನ್ನು ಸರಿಯಾಗಿ ಮಾಡಬೇಕು, ಅಷ್ಟೇ.

ವಿಡಿಯೋ ಕಳಿಸುವ ಬದಲು, ಕಡಿಮೆ ಕರೆಂಟಿನಲ್ಲಿ ಚಿಕ್ಕ ಸಂದೇಶ ದೂರಕ್ಕೆ ಕಳಿಸುವ ಲೋರಾ ರೇಡಿಯೋ ಹಾಕಿ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಜ್‌ಗೆ ಲೈಸೆನ್ಸ್ ಬೇಡ. "ಡಬ್ಬಿ 6, ಆನೆ, 9.40" ಅಂತ ಕಳಿಸಲು ಇಪ್ಪತ್ತು ಬೈಟ್ ಸಾಕು. ತೋಟದ ಮನೆಯಲ್ಲಿ ಅದನ್ನು ಹಿಡಿಯುವ ಒಂದು ಗೇಟ್‌ವೇ ಇಟ್ಟು ಅಲ್ಲಿಂದ ಮೊಬೈಲಿಗೆ ಮೆಸೇಜ್ ಕಳಿಸಿ. ಗುಡ್ಡ ಅಡ್ಡ ಬಂದರೆ ಆಂಟೆನಾ ಎತ್ತರಕ್ಕೆ ಕಟ್ಟಬೇಕಾಗುತ್ತದೆ.

ಸಣ್ಣಮಾಡೆಲ್ · ಸೋಮವಾರ ಮಧ್ಯಾಹ್ನ

ಮಾಡೆಲ್ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ, ಇದೇ ನನ್ನ ದಿನನಿತ್ಯದ ಕೆಲಸ.

ತೋಟದಮನೆ ಅವರೇ, ನಿಮ್ಮ ಡಬ್ಬಿಯಲ್ಲಿ ಯಾವ ಮಾಡೆಲ್ ಇದೆ ಅಂತ ಕೇಳಿ ನೋಡಿ. ಎಷ್ಟೋ ಸಲ ನೂರಾರು ಬಗೆಯ ವಸ್ತು ಗುರುತಿಸುವ ದೊಡ್ಡ ಮಾಡೆಲ್ ಹಾಗೇ ತಂದು ಹಾಕಿರುತ್ತಾರೆ. ನಿಮಗೆ ಬೇಕಿರುವುದು ಒಂದೇ ಪ್ರಶ್ನೆಗೆ ಉತ್ತರ.

ಚಿಕ್ಕದಾದರೆ ಕಣ್ಣು ಮಂಜಾಗುತ್ತದೆ ಅಂತ ಹೆದರಬೇಡಿ. ವಿಜಿಜಿ-16 ಅನ್ನುವ ಹಳೆಯ ಮಾಡೆಲ್‌ನಲ್ಲಿ 13.8 ಕೋಟಿ ಪ್ಯಾರಾಮೀಟರ್ (ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು) ಇದ್ದವು. 2017ರಲ್ಲಿ ಬಂದ ಮೊಬೈಲ್‌ನೆಟ್‌ನಲ್ಲಿ 42 ಲಕ್ಷ ಮಾತ್ರ. ಇಮೇಜ್‌ನೆಟ್ ಅನ್ನುವ ಚಿತ್ರ ಗುರುತಿಸುವ ಪರೀಕ್ಷೆಯಲ್ಲಿ ದೊಡ್ಡದಕ್ಕೆ ನೂರಕ್ಕೆ 71.5 ಅಂಕ, ಚಿಕ್ಕದಕ್ಕೆ 70.6. ಮೂವತ್ತರಲ್ಲಿ ಒಂದು ಪಾಲು ಗಾತ್ರ, ಒಂದು ಅಂಕವೂ ಪೂರ್ತಿ ಕಡಿಮೆ ಆಗಲಿಲ್ಲ.

ಆಮೇಲೆ ಕ್ವಾಂಟೈಸ್ ಮಾಡಬೇಕು. 32 ಬಿಟ್‌ನ ಸಂಖ್ಯೆಗಳನ್ನು 8 ಬಿಟ್‌ಗೆ ಇಳಿಸುವುದು. ಮಾಡೆಲ್ ಗಾತ್ರ ಕಾಲು ಭಾಗ ಆಗುತ್ತದೆ. ಇದರಿಂದ ಕರೆಂಟು ಯಾಕೆ ಉಳಿಯುತ್ತದೆ ಅನ್ನುವುದು ತುಂಬಾ ಚೆನ್ನಾಗಿದೆ, ಬಿಡಿಸಿ ಹೇಳುತ್ತೇನೆ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೋವಿಟ್ಜ್ 2014ರಲ್ಲಿ ಒಂದು ಪಟ್ಟಿ ಕೊಟ್ಟರು, 45 ನ್ಯಾನೋಮೀಟರ್ ಚಿಪ್ಪಿನದು. 32 ಬಿಟ್‌ನ ದಶಾಂಶ ಸಂಖ್ಯೆಗಳ ಒಂದು ಗುಣಾಕಾರಕ್ಕೆ 3.7 ಪಿಕೋಜೂಲ್ (ಶಕ್ತಿಯ ತೀರಾ ಚಿಕ್ಕ ಅಳತೆ). 8 ಬಿಟ್ ಪೂರ್ಣ ಸಂಖ್ಯೆಯ ಗುಣಾಕಾರಕ್ಕೆ 0.2. ಆದರೆ ಹೊರಗಿನ ಡಿರ್‍ಯಾಮ್ ಮೆಮೊರಿಯಿಂದ ಒಂದು ಸಂಖ್ಯೆ ತರಲು ಸುಮಾರು 640! ಲೆಕ್ಕ ಮಾಡುವುದು ಅಗ್ಗ, ಸಾಮಾನು ಹೊತ್ತು ತರುವುದು ದುಬಾರಿ. ಅಡುಗೆಗಿಂತ ಬಾವಿಯಿಂದ ನೀರು ಸೇದಿ ತರುವುದೇ ಹೆಚ್ಚು ಕಷ್ಟ ಇದ್ದ ಹಾಗೆ. ಮಾಡೆಲ್ ಚಿಕ್ಕದಾಗಿ ಚಿಪ್ಪಿನ ಒಳಗಿನ ಮೆಮೊರಿಯಲ್ಲೇ ಕೂತುಬಿಟ್ಟರೆ ಬಾವಿಗೆ ಹೋಗುವುದೇ ಬೇಡ. ಬೆಸುಗೆಕಡ್ಡಿ ಹೇಳಿದ ಪುಟಾಣಿ ಮಾಡೆಲ್‌ನ ಗುಟ್ಟು ಅದೇ.

ಒಂದು ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಎರಡನೇ ಮೆಟ್ಟಿಲಿನ ಮಾಡೆಲ್ ಸ್ವಲ್ಪ ಅಂಜುಬುರುಕ ಆಗಿರಲಿ. ಹತ್ತು ಸಲ ಸುಳ್ಳೇ ಎಬ್ಬಿಸಿದರೂ ಪರವಾಗಿಲ್ಲ, ಒಂದು ಆನೆ ತಪ್ಪಬಾರದು. ಇಲ್ಲಿ ಜೀವದ ಪ್ರಶ್ನೆ ಇದೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಇದ್ದವು. ಅವುಗಳ ದಾರಿಯಲ್ಲೇ ನಮ್ಮ ಜನರ ದಾರಿಯೂ ಇದೆ.

ಕೊನೇವರ್ಷ_ಹಾಸನ · ಸೋಮವಾರ ಸಂಜೆ

ಮೇಡಂ, ಒಂದು ಪ್ರಶ್ನೆ. ನಾನು ಇಂಜಿನಿಯರಿಂಗ್ ಕೊನೇ ವರ್ಷ. ನಮ್ಮ ಪ್ರಾಜೆಕ್ಟ್‌ನಲ್ಲಿ "ಒಂದು ಚಿತ್ರಕ್ಕೆ ಎಷ್ಟು ಜೂಲ್" ಅಂತ ಅಳೆಯುತ್ತಿದ್ದೇವೆ. ಅದು ಸರಿಯಾದ ಅಳತೆ ಅಲ್ವಾ?

ಸಣ್ಣಮಾಡೆಲ್ · ಸೋಮವಾರ ರಾತ್ರಿ

ಒಳ್ಳೆಯ ಪ್ರಶ್ನೆ ಪುಟ್ಟ. ಮಾಡೆಲ್‌ಗಳನ್ನು ಹೋಲಿಸಲು ಅದು ಸರಿ. ಆದರೆ ಇಡೀ ವ್ಯವಸ್ಥೆಗೆ ಆ ಅಳತೆ ಮೋಸ ಮಾಡುತ್ತದೆ. 10 ವ್ಯಾಟ್ ಡಬ್ಬಿ ಸೆಕೆಂಡಿಗೆ 15 ಚಿತ್ರ ನೋಡಿದರೆ ಒಂದಕ್ಕೆ 0.67 ಜೂಲ್. 30 ಚಿತ್ರ ನೋಡಿದರೆ 0.33. ಅಂಕ ಅರ್ಧ ಆಯಿತು, ಕರೆಂಟು ಒಂದು ಹನಿಯೂ ಉಳಿಯಲಿಲ್ಲ! ಬೇಡದ ಚಿತ್ರ ನೋಡಿದಷ್ಟೂ ಅಂಕ ಚೆನ್ನಾಗಿ ಕಾಣುತ್ತದೆ.

ಸಾಫ್ಟ್‌ವೇರ್‌ನ ಇಂಗಾಲ ಅಳೆಯಲು ಈಗ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 21031, 2024ರದ್ದು. ಗ್ರೀನ್ ಸಾಫ್ಟ್‌ವೇರ್ ಫೌಂಡೇಶನ್ ರೂಪಿಸಿದ್ದು. ಸೂತ್ರ ಸರಳ. ಬಳಸಿದ ಕರೆಂಟನ್ನು ಆ ಕರೆಂಟಿನ ಹೊಗೆಯಿಂದ ಗುಣಿಸಿ, ಯಂತ್ರ ತಯಾರಿಸಿದಾಗ ಆದ ಹೊಗೆಯ ಪಾಲು ಸೇರಿಸಿ. ಬಂದದ್ದನ್ನು ನೀವು ಮಾಡಿಕೊಟ್ಟ ಕೆಲಸದ ಲೆಕ್ಕದಿಂದ ಭಾಗಿಸಿ. ಆ "ಕೆಲಸ" ಯಾವುದು ಅನ್ನುವುದನ್ನು ನೀವೇ ಪ್ರಾಮಾಣಿಕವಾಗಿ ಆರಿಸಬೇಕು. ಇಲ್ಲಿ ನಾನಾದರೆ "ಒಂದು ದಾರಿಯ ಒಂದು ದಿನದ ಕಾವಲು" ಅಂತ ಇಡುತ್ತೇನೆ. ಹೂವಿನ ವ್ಯಾಪಾರಿ ಮೊಳದಲ್ಲಿ ಅಳೆಯುತ್ತಾನೆ, ಅಕ್ಕಿ ವ್ಯಾಪಾರಿ ಸೇರಿನಲ್ಲಿ. ಕಾವಲನ್ನು ಚಿತ್ರದ ಲೆಕ್ಕದಲ್ಲಿ ಅಳೆಯಬಾರದು.

ಗುಜರಿ · ಮಂಗಳವಾರ ಬೆಳಿಗ್ಗೆ

ಎಲ್ಲರೂ ಕರೆಂಟಿನ ಬಗ್ಗೆ ಮಾತಾಡುತ್ತಿದ್ದೀರಿ. ಆ ಸೂತ್ರದ ನಡುವಿನ ಭಾಗ, ಯಂತ್ರ ತಯಾರಿಸಿದ ಹೊಗೆ, ಅದರ ಬಗ್ಗೆ ನಾನು ಹೇಳಬೇಕು. ನನ್ನ ಅಂಗಡಿ ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರ. ಇಪ್ಪತ್ತು ವರ್ಷದಿಂದ ಹಳೇ ಬೋರ್ಡು, ಹಳೇ ಮೊಬೈಲು ರಿಪೇರಿ ಮಾಡುತ್ತಿದ್ದೇನೆ.

ಒಂದು ಸ್ಮಾರ್ಟ್‌ಫೋನ್ ತನ್ನ ಜೀವನದಲ್ಲಿ ಮಾಡುವ ಹೊಗೆಯಲ್ಲಿ ದೊಡ್ಡ ಪಾಲು ಅದು ನಿಮ್ಮ ಕೈಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಆ್ಯಪಲ್ ತನ್ನ ಐಫೋನ್‌ಗಳ ಬಗ್ಗೆ ಕೊಡುವ ವರದಿಗಳಲ್ಲೇ ತಯಾರಿಕೆಯ ಪಾಲು ಸುಮಾರು ಶೇಕಡಾ 80 ಇರುತ್ತದೆ. ಎಡ್ಜ್ ಡಬ್ಬಿಗಳೂ ಇದೇ ಜಾತಿ. ಕರೆಂಟು ಕಡಿಮೆ ಮಾಡುತ್ತಾ ಹೋದಂತೆ ಉಳಿಯುವುದು ತಯಾರಿಕೆಯ ಹೊಗೆಯೇ.

ಅದಕ್ಕೇ ತೋಟದಮನೆ ಅಣ್ಣನಿಗೆ ನನ್ನ ಕೋರಿಕೆ. ಆ 14 ಜೆಟ್ಸನ್ ಬೋರ್ಡ್‌ಗಳನ್ನು ಬಿಸಾಡಿ "ಕಡಿಮೆ ಕರೆಂಟಿನ ಹೊಸ ಡಬ್ಬಿ" ತರಬೇಡಿ. ಅವು ಕೆಟ್ಟಿಲ್ಲ. ಮಲಗಿಸಿ, ಬೇಕಾದಾಗ ಎಬ್ಬಿಸಿ. ಸ್ವಿಚ್ಚಿನ ಹಾಗೆ ಕರೆಂಟು ಹಾಕಿ ತೆಗೆಯುವ ಒಂದು ಮಾಸ್ಫೆಟ್, ಒಂದು ಚಿಕ್ಕ ಬೋರ್ಡು, ನೂರಾರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ.

ಹಳೇ ಮೊಬೈಲ್ ಕೂಡ ಒಳ್ಳೆಯ ಎಡ್ಜ್ ಕಂಪ್ಯೂಟರ್. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದವರು 2025ರಲ್ಲಿ ಹಳೇ ಫೋನುಗಳನ್ನು ಜೋಡಿಸಿ ಪುಟ್ಟ ಡೇಟಾ ಸೆಂಟರ್ ಮಾಡಿ ತೋರಿಸಿದರು. ಒಂದು ಫೋನಿಗೆ 8 ಯೂರೋ ಖರ್ಚು. ಬ್ಯಾಟರಿ ತೆಗೆದು ಹೊರಗಿನಿಂದ ಕರೆಂಟು ಕೊಟ್ಟರು. ಬ್ಯಾಟರಿ ತೆಗೆಯುವುದು ಮುಖ್ಯ. ವರ್ಷಗಟ್ಟಲೆ ಚಾರ್ಜಿಗೆ ಹಾಕಿಟ್ಟ ಹಳೇ ಬ್ಯಾಟರಿ ಊದಿಕೊಂಡು ಬಂದಿರುವುದನ್ನು ನಾನು ವಾರಕ್ಕೊಂದು ನೋಡುತ್ತೇನೆ.

ತೋಟದಮನೆ · ಮಂಗಳವಾರ ರಾತ್ರಿ

ಇಷ್ಟೊಂದು ಜನ ಸಮಯ ಕೊಟ್ಟಿದ್ದೀರಿ, ಮನಸ್ಸು ತುಂಬಿ ಬಂತು.

ಗುಜರಿ ಅವರ ಮಾತು ಓದಿ ಎದ್ದು ಒಳಗೆ ಹೋದೆ. ತೋಟದ ಮನೆಯಲ್ಲಿ ಎಲ್ಲ ಡಬ್ಬಿಗಳ ಮೆಸೇಜು ಹಿಡಿಯಲು ಒಂದು ಡೆಸ್ಕ್‌ಟಾಪ್ ಹಗಲು ರಾತ್ರಿ ಓಡುತ್ತಿದೆ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಳೆದರೆ 60 ವ್ಯಾಟ್. ವರ್ಷಕ್ಕೆ 525 ಯೂನಿಟ್. ಕಾಡಿನಲ್ಲಿರುವ ಆರು ಡಬ್ಬಿಗೆ ಸಮ, ಮೆಸೇಜು ದಾಟಿಸುವುದಕ್ಕೆ ಮಾತ್ರ! ಮಗಳ ಹಳೇ ಫೋನ್ ಇದೆ, ಪರದೆ ಒಡೆದಿದೆ ಅಷ್ಟೇ. ನಾಳೆಯೇ ಶುರು ಮಾಡುತ್ತೇನೆ.

ಇನ್ನೊಂದು ಕೇಳಬೇಕು. ಹಾಕಿಕೊಟ್ಟವರು ಪ್ರತಿ ವಾರ ಮಾಡೆಲ್‌ಗೆ ಹೊಸದಾಗಿ ತರಬೇತಿ ಕೊಡುತ್ತೇವೆ ಅನ್ನುತ್ತಾರೆ. ಅದು ಬೇಕಾ?

ಸಣ್ಣಮಾಡೆಲ್ · ಮಂಗಳವಾರ ರಾತ್ರಿ

ಆನೆಯ ರೂಪ ವಾರಕ್ಕೊಮ್ಮೆ ಬದಲಾಗುವುದಿಲ್ಲ. ಬದಲಾಗುವುದು ಹಿನ್ನೆಲೆ. ಕಾಫಿ ಹೂ ಬಿಟ್ಟಾಗ, ಮಳೆ ಮಂಜು ಬಂದಾಗ, ನೆರಳಿನ ಮರದ ಕೊಂಬೆ ಕಡಿದಾಗ. ವರ್ಷಕ್ಕೆ ಮೂರು ನಾಲ್ಕು ಸಲ, ಅದೂ ತಪ್ಪು ಹೆಚ್ಚಾದರೆ ಮಾತ್ರ ಕೊಟ್ಟರೆ ಸಾಕು. ಮೊದಲಿನಿಂದ ಕಲಿಸಬೇಡಿ. ಕಲಿತಿರುವ ಮಾಡೆಲ್‌ನ ಕೊನೆಯ ಪದರ ಮಾತ್ರ ತಿದ್ದಿ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ. ಚಿತ್ರ ವಿಂಗಡಿಸಲು ಮೆಗಾಡಿಟೆಕ್ಟರ್ ಅನ್ನುವ ಉಚಿತ ಮಾಡೆಲ್ ಇದೆ. ಕಾಡಿನ ಕ್ಯಾಮೆರಾ ಚಿತ್ರಗಳಲ್ಲಿ ಪ್ರಾಣಿ, ಮನುಷ್ಯ, ವಾಹನ ಎಲ್ಲಿದೆ ಅಂತ ತೋರಿಸುತ್ತದೆ. ಯಾವ ಪ್ರಾಣಿ ಅಂತ ಹೇಳುವುದಿಲ್ಲ, ಅದನ್ನು ನೀವು ಹೇಳಬೇಕು. ಖಾಲಿ ಚಿತ್ರ ಬೇರ್ಪಡಿಸುವ ದೊಡ್ಡ ಕೆಲಸ ಅದರಿಂದ ಮುಗಿಯುತ್ತದೆ.

ಉತ್ತರದಚಳಿ · ಬುಧವಾರ ಬೆಳಿಗ್ಗೆ

ತರಬೇತಿಯ ಮಾತು ಬಂದದ್ದಕ್ಕೆ ಒಂದು ಹೋಲಿಕೆ. 2022ರಲ್ಲಿ ಬಂದ ಬ್ಲೂಮ್ ಅನ್ನುವ ಭಾಷಾ ಮಾಡೆಲ್‌ಗೆ ತರಬೇತಿ ಕೊಟ್ಟದ್ದು ಫ್ರಾನ್ಸ್‌ನಲ್ಲಿ. 4.33 ಲಕ್ಷ ಯೂನಿಟ್ ಕರೆಂಟು, ಸುಮಾರು 25 ಟನ್ ಹೊಗೆ. ಅಲ್ಲಿನ ಕರೆಂಟು ಹೆಚ್ಚಾಗಿ ಅಣುವಿನದು, ಅದಕ್ಕೇ ಇಷ್ಟು ಕಡಿಮೆ. ಅದೇ ಯೂನಿಟ್ ನಮ್ಮ ದೇಶದ 0.7 ಕಿಲೋ ಲೆಕ್ಕದಲ್ಲಿ 300 ಟನ್ ದಾಟುತ್ತದೆ. ಜಿಪಿಟಿ-3 ಅನ್ನುವ ಇನ್ನೊಂದು ಭಾಷಾ ಮಾಡೆಲ್‌ನ ತರಬೇತಿಗೆ 2021ರಲ್ಲಿ ಅಂದಾಜು ಮಾಡಿದ್ದು 552 ಟನ್.

ಬ್ಲೂಮ್ ಲೆಕ್ಕದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಖಾಲಿ ಕೂತ ಯಂತ್ರಗಳ ಕರೆಂಟು, ಯಂತ್ರ ತಯಾರಿಕೆಯ ಪಾಲು ಎರಡನ್ನೂ ಸೇರಿಸಿದಾಗ 25 ಟನ್ ಹೋಗಿ 50 ಟನ್ ಆಯಿತು. ತೋಟದಮನೆ ಅವರ ಡೆಸ್ಕ್‌ಟಾಪ್ ಕಥೆಯೂ ಇದೇ ಅಲ್ವಾ?

ಸಬ್‌ಸ್ಟೇಷನ್ · ಬುಧವಾರ ಸಂಜೆ

ನಾನು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಂಪ್ಯೂಟರ್ ವಿಷಯ ಅಷ್ಟು ತಿಳಿಯದು, ಕರೆಂಟಿನ ವಿಷಯ ಹೇಳಬಲ್ಲೆ.

0.7 ಅನ್ನುವುದು ಇಡೀ ವರ್ಷದ ಸರಾಸರಿ. ಗಂಟೆಗೆ ಗಂಟೆಗೆ ಅದು ಬೇರೆ. ಮಧ್ಯಾಹ್ನ 12ಕ್ಕೆ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ದುಡಿಯುತ್ತಿರುತ್ತದೆ. ಮಳೆಗಾಲದಲ್ಲಿ ಚಿತ್ರದುರ್ಗ, ಗದಗದ ಗಾಳಿ ಇರುತ್ತದೆ. ಶರಾವತಿಯ 1,035 ಮೆಗಾವ್ಯಾಟ್ ನಮ್ಮ ಹಳೆಯ ಆಸ್ತಿ. ಆದರೆ ಸಂಜೆ 7ಕ್ಕೆ ಸೂರ್ಯ ಇಲ್ಲ, ಎಲ್ಲರ ಮನೆ ದೀಪ ಹತ್ತುತ್ತದೆ. ಆಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲೇ ಗತಿ. "ನಮ್ಮದು ಮಲೆನಾಡು, ನಮಗೆ ನೀರಿನ ಕರೆಂಟು ಬರುತ್ತದೆ" ಅಂತ ಕೆಲವರು ಹೇಳುತ್ತಾರೆ. ಹಾಗೆ ಬೇರ್ಪಡಿಸಲು ಆಗುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ಇಡೀ ದೇಶದ ಗ್ರಿಡ್‌ಗೆ ಸೇರಿತು. ಅಂದಿನಿಂದ ಎಲ್ಲ ನೀರೂ ಒಂದೇ ಕೆರೆಯದು.

ಹಾಗಾಗಿ ಕಾಯಬಹುದಾದ ಕೆಲಸವನ್ನು ಬಿಸಿಲಿಗೆ ತಳ್ಳಿ. ತರಬೇತಿ, ಹಳೇ ಚಿತ್ರ ವಿಂಗಡಣೆ, ಬ್ಯಾಕಪ್, ಬ್ಯಾಟರಿ ಚಾರ್ಜು, ಎಲ್ಲ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ. ರಾತ್ರಿ ಮಲಗುವಾಗ ಚಾಲೂ ಮಾಡಿ ಬೆಳಿಗ್ಗೆ ನೋಡುವ ಅಭ್ಯಾಸ ಬಿಡಬೇಕು. 2023ರಲ್ಲಿ ಕೇಂದ್ರ ತಂದ ನಿಯಮದಲ್ಲೂ ಇದೇ ಇದೆ: ಬಿಸಿಲಿನ ಹೊತ್ತಿನ ದರ ಕಡಿಮೆ, ಸಂಜೆಯ ದರ ಜಾಸ್ತಿ ಇರಬೇಕು ಅಂತ.

ಇನ್ನೊಂದು. ನಿಮ್ಮ ಡಬ್ಬಿಗಳಿಗೆ ಕರೆಂಟು ಹೋದಾಗ ಏನು ಗತಿ? ಜನರೇಟರ್ ಇದ್ದರೆ ನೆನಪಿಡಿ, ಒಂದು ಲೀಟರ್ ಡೀಸೆಲ್ ಸುಟ್ಟರೆ 2.7 ಕಿಲೋ ಹತ್ತಿರ ಇಂಗಾಲದ ಡೈಆಕ್ಸೈಡ್.

ಬೆಸುಗೆಕಡ್ಡಿ · ಬುಧವಾರ ರಾತ್ರಿ

ಸರ್, ನೀವು ಬರೆದದ್ದನ್ನು ನಮ್ಮ ಆಫೀಸಿನಲ್ಲಿ ಓದಿ ಹೇಳಿದೆ. ನಮ್ಮ ರಾತ್ರಿಯ ಟೆಸ್ಟ್‌ಗಳನ್ನೂ ಮಧ್ಯಾಹ್ನಕ್ಕೆ ತರಲು ಮಾತಾಡುತ್ತಿದ್ದೇವೆ.

ಕರೆಂಟು ಹೋಗುವುದರ ಬಗ್ಗೆ: ಇಲ್ಲೇ ಕಡಿಮೆ ವ್ಯಾಟ್‌ನ ನಿಜವಾದ ಲಾಭ ಇರುವುದು. ದಿನಕ್ಕೆ 240 ವ್ಯಾಟ್-ಅವರ್ ತಿನ್ನುವ ಡಬ್ಬಿಯನ್ನು ಸಕಲೇಶಪುರದ ಜುಲೈ ತಿಂಗಳಲ್ಲಿ ಸೋಲಾರ್ ಮೇಲೆ ಓಡಿಸಲು ಆಗದ ಮಾತು. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಪ್ಯಾನೆಲ್ ಮಂಚದಷ್ಟು ಬೇಕು, ಬ್ಯಾಟರಿ ಲಾರಿಯದ್ದು ಬೇಕು. ಅದೇ ಡಬ್ಬಿ ದಿನಕ್ಕೆ 4 ವ್ಯಾಟ್-ಅವರ್‌ಗೆ ಇಳಿದರೆ ಒಂದು 10 ವ್ಯಾಟ್ ಪ್ಯಾನೆಲ್, ಒಂದು ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಮೋಡದ ಬೆಳಕೂ ಸಾಕಾಗುತ್ತದೆ. ಮೊದಲು ಹಸಿವು ಕಡಿಮೆ ಮಾಡಬೇಕು, ಆಮೇಲೆ ಸೋಲಾರ್.

ಕೊನೇವರ್ಷ_ಹಾಸನ · ಗುರುವಾರ ಮಧ್ಯಾಹ್ನ

ಒಂದು ಲೆಕ್ಕ ಮಾಡಿ ನೋಡಿದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಇವೆ. ಒಂದು ವೇಳೆ ಪ್ರತಿಯೊಂದಕ್ಕೂ ಸದಾ ಓಡುವ 10 ವ್ಯಾಟ್ ಡಬ್ಬಿ ಸೇರಿಸಿದರೆ 70 ಕಿಲೋವ್ಯಾಟ್. ವರ್ಷಕ್ಕೆ 6.13 ಲಕ್ಷ ಯೂನಿಟ್, 430 ಟನ್ ಹತ್ತಿರ ಹೊಗೆ. ಬ್ಲೂಮ್‌ನ ಇಡೀ ತರಬೇತಿಗಿಂತ ಜಾಸ್ತಿ ಕರೆಂಟು, ಅದೂ ಪ್ರತಿ ವರ್ಷ.

ಡೇಟಾ ಸೆಂಟರ್‌ಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುವಂತೆ 2024ರಲ್ಲಿ ಅವು ತಿಂದದ್ದು 415 ಟೆರಾವ್ಯಾಟ್-ಅವರ್ (ಒಂದು ಟೆರಾವ್ಯಾಟ್-ಅವರ್ ಅಂದರೆ ನೂರು ಕೋಟಿ ಯೂನಿಟ್), ಪ್ರಪಂಚದ ಕರೆಂಟಿನ ಶೇಕಡಾ ಒಂದೂವರೆ. 2030ಕ್ಕೆ 945 ಆಗಬಹುದಂತೆ. ಆದರೆ ಅಂಗಡಿ, ಕಂಬ, ತೋಟಗಳಲ್ಲಿ ಹರಡಿಕೊಂಡಿರುವ ಡಬ್ಬಿಗಳು ಈ ಲೆಕ್ಕದೊಳಗೆ ಬರುವುದಿಲ್ಲ. ಅವು ಮನೆ ಬಿಲ್ಲು, ಅಂಗಡಿ ಬಿಲ್ಲಿನಲ್ಲಿ ಕರಗಿಹೋಗುತ್ತವೆ. ನಮ್ಮ ಪ್ರಾಜೆಕ್ಟ್‌ನ ವಿಷಯವನ್ನೇ ಇದಕ್ಕೆ ಬದಲಾಯಿಸಿದ್ದೇವೆ.

ಗುಜರಿ · ಗುರುವಾರ ರಾತ್ರಿ

ಒಳ್ಳೆಯದಾಯಿತು ತಮ್ಮ. ಡಬ್ಬಿ ಬಿಚ್ಚಿ ನೋಡಲು ಬೇಕಾದರೆ ಅಂಗಡಿಗೆ ಬನ್ನಿ.

ತೋಟದಮನೆ · ಐದು ವಾರದ ನಂತರ

ಶುರು ಮಾಡಿದ್ದು ಏನಾಯಿತು ಅಂತ ವಾಪಸ್ ಬಂದು ಬರೆಯುತ್ತಿದ್ದೇನೆ.

ಮೊದಲ ಎರಡು ವಾರ ಮೂರು ಕಡೆ ಹಳೇ ಡಬ್ಬಿ, ಹೊಸ ಜೋಡಣೆ ಎರಡನ್ನೂ ಪಕ್ಕಪಕ್ಕ ಓಡಿಸಿದೆವು. ಹೊಸದು ಒಂದು ಸಲ ಆನೆ ತಪ್ಪಿಸಿತು. ಹಳ್ಳದ ಹತ್ತಿರ ಬಯಲು ಅಗಲ ಇದೆ. ಆನೆ ಆಚೆ ದಡದಲ್ಲಿ ನಡೆದು ಹೋಯಿತು, ಪಿಐಆರ್‌ಗೆ ಅಷ್ಟು ದೂರ ತಿಳಿಯಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ದಾರಿಯಲ್ಲಿ ಬೆಳಿಗ್ಗೆ ಆರು ಜನ ಬರುತ್ತಾರೆ.

ಹಾಗಾಗಿ ಅಂಥ ಎರಡು ಬಯಲಿನ ಡಬ್ಬಿಗಳನ್ನು ಪೂರ್ತಿ ಮಲಗಿಸಲಿಲ್ಲ. ಸಂಜೆ 6ರಿಂದ ಬೆಳಿಗ್ಗೆ 6.30ರವರೆಗೆ ಎಚ್ಚರ ಇರುತ್ತವೆ, ಆದರೆ ಜೆಟ್ಸನ್‌ನ 5 ವ್ಯಾಟ್ ಮೋಡ್‌ನಲ್ಲಿ, ಎರಡು ಸೆಕೆಂಡಿಗೆ ಒಂದು ಚಿತ್ರ. ಆನೆ ಓಡುವ ವೇಗಕ್ಕೂ ಅದು ಸಾಕು ಅಂತ ನಡೆಸಿ ನೋಡಿದ್ದೇವೆ. ಹಗಲು ಪಿಐಆರ್ ಸಾಕು, ಜನರೂ ಓಡಾಡುತ್ತಿರುತ್ತಾರೆ.

ಉಳಿದ 12 ಡಬ್ಬಿ ಬೆಸುಗೆಕಡ್ಡಿ ಹೇಳಿದ ಹಾಗೇ ಇವೆ. ಇನ್‌ಫ್ರಾರೆಡ್ ದೀಪ ರಾತ್ರಿಪೂರ್ತಿ ಉರಿಯುತ್ತಿತ್ತು, ಈಗ ಚಿತ್ರ ತೆಗೆಯುವ ಕ್ಷಣಕ್ಕೆ ಮಾತ್ರ. ಅವರು 4 ವ್ಯಾಟ್-ಅವರ್ ಅಂದಿದ್ದರು, ನಮಗೆ ಬಂದದ್ದು 9. ಸಿಲ್ವರ್ ಓಕ್ ಎಲೆ ಬಿಸಿಲಿಗೆ ಹೊಳೆದು ಅಲುಗಾಡಿದರೆ, ಮುಸುವ ಬಂದರೆ, ನಮ್ಮದೇ ನಾಯಿ ಹೋದರೆ ದೊಡ್ಡ ಬೋರ್ಡ್ ಏಳುತ್ತದೆ. ದಿನಕ್ಕೆ 30ಕ್ಕೂ ಜಾಸ್ತಿ ಸಲ. ಆದರೂ ಬೇಸರವಿಲ್ಲ.

ಈಗಿನ ಲೆಕ್ಕ: 12 ಡಬ್ಬಿಗೆ ದಿನಕ್ಕೆ 108 ವ್ಯಾಟ್-ಅವರ್, ಎಚ್ಚರ ಇರುವ ಎರಡಕ್ಕೆ 125. ಒಟ್ಟು 233. ಮೊದಲು 3,360 ಇತ್ತು. ವರ್ಷಕ್ಕೆ 858 ಕಿಲೋ ಇದ್ದದ್ದು 60 ಕಿಲೋ. ಡೆಸ್ಕ್‌ಟಾಪ್ ಜಾಗದಲ್ಲಿ ಮಗಳ ಫೋನ್ ಕೂತಿದೆ, ಬ್ಯಾಟರಿ ತೆಗೆಸಿದ್ದೇವೆ. ಎಂಟು ಡಬ್ಬಿ ಸೋಲಾರ್‌ಗೆ ಹೋಗಿವೆ. ಮಳೆಗಾಲ ಇನ್ನೂ ನೋಡಬೇಕು.

ಒಂದು ಮಾತು ಹಂಚಿಕೊಳ್ಳಬೇಕು. ಬಿಲ್ಲು ಕಡಿಮೆ ಆಗಿದ್ದು ನೋಡಿ ನಮ್ಮ ಗುಂಪಿನಲ್ಲಿ ಇಬ್ಬರು "ಹಾಗಾದರೆ ಇನ್ನೂ 20 ಹಾಕೋಣ" ಅಂದರು. ಒಂದು ಸಭೆಯೇ ಆಯಿತು. ಕೊನೆಗೆ ಆನೆ ನಿಜವಾಗಿ ದಾಟುವ ಮೂರು ಜಾಗಕ್ಕೆ ಮಾತ್ರ ಹಾಕುವುದು, ಅದೂ ಆನೆ ಬರದ ಮೂರು ಕಡೆಯಿಂದ ತೆಗೆದು ಹಾಕುವುದು ಅಂತ ಒಪ್ಪಿದರು.

ಉತ್ತರದಚಳಿ · ಅದೇ ದಿನ

ಆ ಸಭೆಯ ವಿಷಯ ಓದಿ ತುಂಬಾ ಖುಷಿಯಾಯಿತು. 1865ರಲ್ಲೇ ಜೆವೊನ್ಸ್ ಅನ್ನುವ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಇದನ್ನು ಕಂಡಿದ್ದ. ಉಗಿ ಯಂತ್ರ ಕಡಿಮೆ ಕಲ್ಲಿದ್ದಲಲ್ಲಿ ಓಡಲು ಕಲಿತಂತೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಬಳಕೆ ಜಾಸ್ತಿಯೇ ಆಯಿತು. ಕ್ಯಾಮೆರಾ ಎಷ್ಟು ಬೇಕು ಅನ್ನುವ ನಿಮ್ಮ ಮಾತುಕತೆಯನ್ನು ಯಾವ ಚಿಪ್ಪೂ ನಿಮಗಾಗಿ ಆಡುವುದಿಲ್ಲ.

ಸಣ್ಣಮಾಡೆಲ್ · ಅದೇ ದಿನ

ತೋಟದಮನೆ ಅವರೇ, ಆ ಸುಳ್ಳು ಎಚ್ಚರಿಕೆಯ ಚಿತ್ರಗಳನ್ನು ಅಳಿಸಬೇಡಿ. ಮುಸುವ, ನಾಯಿ, ಹೊಳೆಯುವ ಎಲೆ, ಅವೇ ಈಗ ನಿಮ್ಮ ಚಿನ್ನ. ಐನೂರು ಚಿತ್ರ ಕೂಡಿಸಿ ಕಳಿಸಿ. ಜನರು ಇರುವ ಚಿತ್ರ ಮಾತ್ರ ತೆಗೆದುಹಾಕಿ. ಪುಟಾಣಿ ಮಾಡೆಲ್‌ನ ಕೊನೆಯ ಪದರ ನಾನು ತಿದ್ದಿ ಕೊಡುತ್ತೇನೆ. ಹಾಸನದ ಹುಡುಗರು ಒಪ್ಪಿದರೆ ಅವರ ಕೈಯಲ್ಲೇ ಮಾಡಿಸೋಣ.

ಕೊನೇವರ್ಷ_ಹಾಸನ · ಅದೇ ದಿನ

ಖಂಡಿತ ಮೇಡಂ. ಶನಿವಾರ ಬೆಳಿಗ್ಗೆ ಬಸ್ಸಿಗೆ ನಾವು ಮೂರು ಜನ ಸಕಲೇಶಪುರಕ್ಕೆ ಬರುತ್ತೇವೆ. ಚಿತ್ರ ಕಾರ್ಡ್‌ನಲ್ಲೇ ತೆಗೆದುಕೊಳ್ಳುತ್ತೇವೆ. ತರಬೇತಿ ಮಧ್ಯಾಹ್ನ 12ಕ್ಕೆ ಶುರು ಮಾಡುತ್ತೇವೆ, ಸಬ್‌ಸ್ಟೇಷನ್ ಸರ್.

ತೋಟದಮನೆ · ಅದೇ ದಿನ

ಬನ್ನಿ. ಸ್ಟ್ಯಾಂಡಿಗೆ ಜೀಪು ಕಳಿಸುತ್ತೇನೆ. ಊಟ ನಮ್ಮಲ್ಲೇ. ಸಂಜೆ 5ರೊಳಗೆ ಹಳ್ಳದ ದಾರಿಯಿಂದ ವಾಪಸ್ ಬಂದಿರಬೇಕು, ಅದೊಂದು ನೆನಪಿಡಿ.